ವಾಷಿಂಗ್ ಮೆಷಿನ್ನೂ ಅತ್ತೆಯ ಸ್ನಾನವೂ

ವಾಷಿಂಗ್ ಮೆಷಿನ್ನಿನೊಳಗೆ ಏನೋ ಸಿಕ್ಕಿಕೊಂಡು ಕಟಕಟ ಎನ್ನುತ್ತಿತ್ತು. ಏನಿರಬಹುದೆಂದು ಮನೆಗೆಲ್ಲ ಕುತೂಹಲ. ನಿವೃತ್ತ ಅಧಿಕಾರಿ ಶ್ರೀಕಂಠಯ್ಯನವರು ಹಿಂದಿನ ಮುಚ್ಚಳ ಬಿಚ್ಚಿ ಸೊಸೆಗೆ ಅಪ್ಪಣೆ ಮಾಡಿದರು: “ಮಂದಾಕಿನಿ, ಕೈ ಹಾಕಿ ತೆಗಿ.”

“ಮೊದಲು ಪ್ಲಗ್ ಕೀಳೋಣ, ಮಾವ.”

“ಸ್ವಿಚ್ ಆರಿಸಿದ್ದೇನೆ. ನನ್ನ ಮಾತು ಸಾಲದೆ?”

ಮಂದಾಕಿನಿ ಬಚ್ಚಲ ಬಾಗಿಲ ಪಕ್ಕದ ಬೋರ್ಡನ್ನು ನೋಡಿದಳು. ಗೀಸರಿನ ಸ್ವಿಚ್ಚೂ ಮೆಷಿನ್ನಿನ ಸ್ವಿಚ್ಚೂ ಅಲ್ಲಿ ಅಕ್ಕಪಕ್ಕ. ಕನ್ನಡಕ ತೆಗೆದಿಟ್ಟು ಸ್ನಾನಕ್ಕೆ ಬರುವ ಅತ್ತೆ, ಯಾವುದು ಯಾವುದೆಂದು ಹುಡುಕದೆ ಎಲ್ಲವನ್ನೂ ಒತ್ತಿಬಿಡುತ್ತಿದ್ದರು.

“ನಿಮ್ಮ ಮಾತೇ ಸಾಕು, ಮಾವ. ಆದರೆ ನನಗೆ ಬಳೆ ಅಡ್ಡ ಬರುತ್ತದೆ. ನೀವೇ ಕೈ ಹಾಕಿ. ಅಷ್ಟರಲ್ಲಿ ನಾನು ಅತ್ತೆಯನ್ನು ಸ್ನಾನಕ್ಕೆ ಕರೆಯುತ್ತೇನೆ.”

ಒಳಗೆ ಹೋಗಿದ್ದ ಮಾವನ ಕೈ ಮೆಲ್ಲನೆ ಹೊರಬಂತು. ಮಾವ ಪ್ಲಗ್ ಕಿತ್ತು, ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಹೇಳಿದರು:

“ಈಗ ಕರಿ ಅವಳನ್ನು.”