ಪಂಪು ಆರಿಸಿದವರ ಸೀಟು

ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ಎರಡು ತಿಂಗಳಲ್ಲಿ ಅಲ್ಲಿ ಎರಡು ಎಂಜಿನ್ ಜಾಮ್ ಆಗಿದ್ದವು. ಎರಡಕ್ಕೂ ಸಾಮಾನು ಆರಿಸಿದ್ದು ಗ್ಯಾರೇಜಿನ ಸಾವಕಾರ ಚನ್ನವೀರಪ್ಪ, ಬೈಗುಳ ತಿಂದದ್ದು ಮೇಸ್ತ್ರಿ. ಮೂರನೆಯದೂ ಕೆಟ್ಟರೆ ಮೇಸ್ತ್ರಿಯ ಕೆಲಸ ಹೋಗುವುದಿತ್ತು.

ಒಂದು ದಿನ ರಿಪೇರಿಗೆ ನಿಂತಿದ್ದ ಟರ್ಬೊ ಲಾರಿಗೆಂದು ಸಾವಕಾರರು ಟರ್ಬೊ ಇಲ್ಲದ ಎಂಜಿನ್ನಿನ ಆಯಿಲ್ ಪಂಪು ತಂದರು.

"ಇದರ ಗೇರು ಸಣ್ಣದು ಸಾವಕಾರ್ರ. ಟರ್ಬೊಕ್ಕ ಎಣ್ಣಿ ಸಾಲೂದಿಲ್ಲ, ಎಂಜಿನ್ ಮತ್ತ ಜಾಮ್ ಆಗ್ತದ."

"ಬೋಲ್ಟು ಕೂಡ್ತಾವಲ್ಲ? ಹಾಕು. ನಾ ಲಾರಿ ಮನ್ಯಾಗ ಹುಟ್ಟಿದಾಂವ. ನನಗ ಕಲಸ್ತಿ?"

ಮೇಸ್ತ್ರಿಗೆ ಅಳು ಬಂತು. ಆದರೂ ಕೈ ಒರೆಸಿಕೊಂಡು, ಲಾರಿಯ ಎಡಬಾಗಿಲು ತೆರೆದು, ಸೀಟಿನ ಮೇಲೆ ಹೊಸ ಟವೆಲ್ ಹಾಸಿದ.

"ಯಾರಿಗದು?"

"ನಿಮಗ್ರೀ. ಸಾಮಾನು ಆರಿಸಿದವರೇ ಟ್ರಯಲ್ಲಿಗೆ ಹೋಗೂದು ನಿಮ್ಮಪ್ಪಾರು ಹಾಕಿದ ಪದ್ಧತಿ, ನಡುವ ಬಿಟ್ಟುಹೋಗಿತ್ತು. ಲೋಡ್ ಹೇರಿಕೊಂಡು ಅರಬೈಲ್ ಘಟ್ಟ ಇಳಿದು ಹತ್ತಿ ಬರಬೇಕು."

"ನಡುವ ನಿಂತರ?"

"ರೊಟ್ಟಿ ಬುತ್ತಿ ಕಟ್ಟಿಸೇನ್ರಿ. ಎರಡು ದಿನದ್ದು."

ಸಾವಕಾರರು ಬುತ್ತಿ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಪಂಪು ನೋಡಿದರು. "ಇದರ ಗೇರು ಸಣ್ಣದದ" ಎಂದರು, ತಾವೇ ಕಂಡುಹಿಡಿದವರ ಹಾಗೆ. ಸಂಜೆಯೊಳಗೆ ಸರಿಯಾದ ಪಂಪು ಬಂತು. ಮೇಸ್ತ್ರಿಯ ಕೆಲಸ ಉಳಿಯಿತು.

ಮರುದಿನ ಸಾವಕಾರರು ಅವನನ್ನು ಕರೆದರು. "ನಿನ್ನೆ ನಾ ನೋಡಲಿಲ್ಲಂದ್ರ ಎಂಜಿನ್ ಹೋಗ್ತಿತ್ತು. ಇನ್ಮುಂದ ಎಲ್ಲಾ ಸಾಮಾನು ನಾನ ಆರಸ್ತೇನಿ. ಟ್ರಯಲ್ಲಿಗೆ ನೀ ಹೋಗು. ಅಪ್ಪನ ಪದ್ಧತಿ ಹಳೇದಾತು."

ಬುತ್ತಿಯಲ್ಲಿದ್ದದ್ದು ಖಡಕ್ ರೊಟ್ಟಿ, ತಿಂಗಳಾದರೂ ಕೆಡುವುದಿಲ್ಲ. ಮೇಸ್ತ್ರಿ ಅದನ್ನು ಬಿಚ್ಚದೆ, ಮುಂದಿನ ಟ್ರಯಲ್ಲಿಗೆಂದು, ಈಗ ತನ್ನದಾದ ಆ ಸೀಟಿನ ಕೆಳಗೆ ಇಟ್ಟುಕೊಂಡ.