ತಾನೊಂದೇ ತಿನ್ನದ ಹುಂಜ

ಹೂಂಗುಟ್ಟು ಪುಟ್ಟಾ. ಹೂಂಗುಟ್ಟೋರು ಇಲ್ದೆ ಇದ್ರೆ ಕತೆ ದಾರಿ ತಪ್ಪಿ ಬೇರೆ ಮನೆಗೆ ಹೋಗಿಬಿಡುತ್ತೆ.

ಒಂದಾನೊಂದು ಕಾಲದಲ್ಲಿ, ಬೆಂಕಿಪೆಟ್ಟಿಗೆ ಅನ್ನೋದು ಇನ್ನೂ ಊರಿಗೆ ಬಾರದೆ, ಒಲೆ ಹಚ್ಚೋಕೆ ಪಕ್ಕದ ಮನೆಯಿಂದ ಕೆಂಡ ತರ್ತಿದ್ದ ಕಾಲದಲ್ಲಿ, ಒಂದು ಕೆರೆ ಏರಿ ಕೆಳಗೆ ಪುಟ್ಟೀರವ್ವ ಅಂತ ಒಬ್ಬಳು ಇದ್ಲಂತೆ. ಗಂಡ ಇಲ್ಲ. ಹೊಂಬಾಳಿ ಅಂತ ಒಬ್ಬಳೇ ಮಗಳು, ಹಿತ್ತಿಲಲ್ಲಿ ಮೂರು ಕೋಳಿ, ಅಷ್ಟೇ ಅವಳ ಸಂಸಾರ. ಒಂದು ಬೂದಿ ಬಣ್ಣದ ಹೇಂಟೆ, ಅದರ ಹೆಸರೂ ಬೂದಿ. ಇನ್ನೊಂದು ಬೂದಿಯ ಮಗಳು, ನಿಂತಲ್ಲಿ ನಿಲ್ಲದ್ದು, ಅದಕ್ಕೆ ಚಿಟ್ಟೆ ಅಂತ ಹೆಸರು. ಮೂರನೇದು ಕೆಂಚ ಅನ್ನೋ ಹುಂಜ. ದಾಸವಾಳದ ಹೂವಿನಂಥ ಜುಟ್ಟು, ಕಾಲಿಗೊಂದು ಅರಿಶಿನದ ದಾರ.

ಆ ದಾರ ಯಾಕೆ ಅಂತೀಯಾ? ಹಿಂದಿನ ವರ್ಷ ಹೊಂಬಾಳಿಗೆ ವಿಪರೀತ ಜ್ವರ ಬಂದು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ನಾಟಿ ವೈದ್ಯರು ಕೈ ಚೆಲ್ಲಿ ಎದ್ದು ಹೋದ್ರಂತೆ. ಆವಾಗ ಪುಟ್ಟೀರವ್ವ ಈ ಹುಂಜನ್ನ ಕಂಕುಳಲ್ಲಿ ಇಟ್ಕೊಂಡು, ಕೆರೆ ಕೋಡಿ ಹತ್ರ ಇರೋ ಕೋಡಿಯಮ್ಮನ ಗುಡಿಗೆ ಓಡಿ, ತಾಯಿ, ನನ್ನ ಮಗಳ ಉಸಿರು ಉಳಿಸು, ಈ ಹುಂಜ ನಿನ್ನದು, ಕೆರೆ ತುಂಬಿದ ಮೊದಲ ಮಂಗಳವಾರ ತಂದು ಒಪ್ಪಿಸ್ತೀನಿ ಅಂತ ಹರಕೆ ಹೊತ್ತು, ದಾರ ಕಟ್ಟಿ ಬಂದ್ಲಂತೆ. ಮನೆಗೆ ಬಂದು ನೋಡಿದ್ರೆ ಮಗಳ ಹಣೆ ತಣ್ಣಗಾಗಿತ್ತಂತೆ, ಅವ್ವ ಹಸಿವು ಅಂತಿದ್ಲಂತೆ.

ಅವತ್ತಿಂದ ಕೆಂಚ ನಮ್ಮದಲ್ಲ, ಅಮ್ಮನದು ಅಂತ ಪುಟ್ಟೀರವ್ವ ಅದಕ್ಕೆ ಒಂದು ಕೋಲೂ ಎತ್ತಲಿಲ್ಲ. ಒಣಗೋಕೆ ಹಾಕಿದ ರಾಗಿಗೆ ಬಾಯಿ ಹಾಕಿದ್ರೂ, ತಿನ್ನಪ್ಪಾ, ನಿನ್ನ ಯಜಮಾನಿಗೆ ಹೇಳು ಪುಟ್ಟೀರಿ ಮನೇಲಿ ಹೊಟ್ಟೆ ತುಂಬ ಸಿಕ್ತು ಅಂತ, ಅಂತಿದ್ಲಂತೆ.

ಹೂಂ ಅನ್ನು. ಹಾಂ.

ದಿನಾ ಸಾಯಂಕಾಲ ಅವಳು ಮೊದಲು ಗೂಡಿನ ಬಾಗಿಲು ಮುಚ್ಚಿ, ಆಮೇಲೆ ಕೈಕಾಲು ತೊಳ್ಕೊಂಡು ದೇವರಿಗೆ ದೀಪ ಹಚ್ಚೋಳು. ಒಂದು ದಿನ ಮೋಡ ಕವಿದು ಬೇಗ ಕತ್ತಲಾಯ್ತು. ಅಯ್ಯೋ ದೀಪದ ಹೊತ್ತು ಮೀರ್ತಾ ಇದೆ ಅಂತ ಮೊದಲು ದೀಪ ಹಚ್ಚಿ, ಕೈ ಮುಗಿದು ಹಾಡು ಹೇಳ್ಕೊಳ್ತಾ ಕೂತ್ಲಂತೆ. ಅಷ್ಟರಲ್ಲಿ ಹಿತ್ತಿಲಲ್ಲಿ ಕೊಕ್ಕೊಕ್ಕೊಕ್ಕೋ ಅಂತ ಕಿರುಚಾಟ. ಹೊಂಬಾಳಿ, ಅವ್ವಾ ಕಾಡುಬೆಕ್ಕು, ಅವ್ವಾ! ಅಂತ ಕೂಗಿಕೊಂಡ್ಳು. ಪುಟ್ಟೀರವ್ವ ಒನಕೆ ಹಿಡ್ಕೊಂಡು ಓಡಿದ್ಲು. ಬೆಕ್ಕು ಬೇಲಿ ಹಾರಿ ಹೋಯ್ತು.

ಅಂಗಳ ತುಂಬ ಪುಕ್ಕ. ಚಿಟ್ಟೆಗೆ ಬಾಲವೇ ಇಲ್ಲ. ಬೂದಿ ಬೆನ್ನಿನ ಚರ್ಮ ಹರಿದು ಜೋತು ಬಿದ್ದಿತ್ತು. ಕೆಂಚ ಅವೆರಡಕ್ಕೂ ಅಡ್ಡ ನಿಂತಿದ್ದದ್ದು ನಿಂತ ಹಾಗೇ ಕುಸಿದಿತ್ತಂತೆ. ಕುತ್ತಿಗೆ ತುಂಬ ರಕ್ತ, ಒಂದು ಕಣ್ಣು ಹೋಗಿತ್ತು, ಕೊಕ್ಕಿನಲ್ಲಿ ಮಾತ್ರ ಒಂದು ಗುಪ್ಪೆ ಬೆಕ್ಕಿನ ಕೂದಲು ಹಾಗೇ ಇತ್ತು.

ಪುಟ್ಟೀರವ್ವ ಮೂರನ್ನೂ ಸೆರಗಲ್ಲಿ ಹಾಕ್ಕೊಂಡು ಒಳಗೆ ತಂದ್ಲು. ಸದ್ದು ಕೇಳಿ ಓರಗಿತ್ತಿ ಜವನಮ್ಮ ಬಂದ್ಲು. ನೋಡಿದ್ಲು. ಏನಕ್ಕಾ, ಇವತ್ತು ನಿಮ್ಮನೇಲಿ ಹಬ್ಬ ಅನ್ನು, ಮಸಾಲೆ ಅರೀಲಾ? ಅಂದ್ಲಂತೆ.

ಅದು ಅಮ್ಮನ ಹುಂಜ ಕಣೇ. ಇನ್ನೊಬ್ಬರ ಒಡವೆ ನಮ್ಮನೇಲಿ ಮುರಿದು ಬಿದ್ರೆ ಕರಗಿಸಿ ತಿಂತೀವಾ?

ಇನ್ನೇನು ಮಾಡ್ತೀಯಾ, ಒಕ್ಕಣ್ಣಿನ ಹುಂಜನ್ನ ಅಮ್ಮ ಮುಟ್ತಾಳಾ? ಊನ ಆಗಿರೋದು ಸಲ್ಲಲ್ಲ. ನಮ್ಮನೆ ಹುಂಜ ತಗೋ, ಆ ದಾರ ಬಿಚ್ಚಿ ಇದಕ್ಕೆ ಕಟ್ಟು. ಅಮ್ಮನಿಗೆ ಇರೋ ನೂರು ಕೆಲಸದಲ್ಲಿ ನಿನ್ನ ಹುಂಜದ ಮುಖ ನೆನಪಿಟ್ಕೊಂಡು ಕೂತಿರ್ತಾಳಾ?

ನನ್ನ ಮಗಳ ಮುಖ ನೆನಪಿಟ್ಕೊಂಡ್ಳಲ್ಲ ಜವನಿ, ಅಂದ್ಲಂತೆ ಪುಟ್ಟೀರವ್ವ.

ಹಂಗಂದ್ಲು, ಆದ್ರೆ ಹರಕೆ ತಪ್ಪಿದ್ರೆ ಅಮ್ಮ ಕೊಟ್ಟಿದ್ದನ್ನ ವಾಪಸ್ಸು ತಗೊಂಡ್ರೆ? ಮೂಲೇಲಿ ಕೂತು ಚಿಟ್ಟೆ ಪುಕ್ಕ ಆರಿಸ್ತಿದ್ದ ಮಗಳ ಕಡೆ ನೋಡಿದ್ಲು. ಹೇಗಾದ್ರೂ ಇದನ್ನ ಉಳಿಸಿ ಅಮ್ಮನ ಮುಂದೆ ನಿಲ್ಲಿಸ್ತೀನಿ, ಆಮೇಲೆ ಅವಳಿಚ್ಛೆ ಅಂದ್ಕೊಂಡ್ಲಂತೆ.

ಆಮೇಲೆ ಬೇವಿನ ಸೊಪ್ಪು ಕುದಿಸಿ, ಉಗುರು ಬೆಚ್ಚಗೆ ಆರಿಸಿ, ಕೆಂಚನ್ನ ತೊಡೆ ಮೇಲೆ ಇಟ್ಕೊಂಡು ತಲೆಯಿಂದ ಕುತ್ತಿಗೆಗೆ ನೀರು ಬಿಟ್ಲು. ಅದು ಬೆಚ್ಚಿ ಪಟಪಟ ಒದರ್ತು. ಅವಳು ಕೋಡಿಯಮ್ಮಾ, ಕೋಡಿಯಮ್ಮಾ ಅಂತ ಸಣ್ಣಗೆ ಹೇಳ್ತಾ, ಕೈ ಅಡ್ಡ ಹಿಡಿದು, ಮಗು ತಲೆಗೆ ನೀರು ಹಾಕೋ ಹಾಗೆ ಹಾಕಿದ್ಲಂತೆ. ದಿನಾ ಹೀಗೇ. ದಿನ ಕಳೆದ ಹಾಗೆ ಹುಂಜ ಒದರೋದು ಬಿಟ್ಟು, ನೀರು ಬಿದ್ದ ಕೂಡಲೇ ಇದ್ದೊಂದು ಕಣ್ಣು ಮುಚ್ಚಿ ಅವಳ ತೊಡೆಗೆ ಒರಗೋದು ಕಲೀತಂತೆ.

ಕಷ್ಟ ಬಂದ್ರೆ ಒಂದೇ ಬರಲ್ಲ ಮಗಾ. ಬೆಕ್ಕು ಬಂದ ರಾತ್ರಿ ಮೂರನ್ನೂ ಒಂದೇ ಬಿದಿರಿನ ಮಂಕರಿ ಕೆಳಗೆ ಮುಚ್ಚಿಟ್ಟಿದ್ಲಲ್ಲ, ಬೆಳಗ್ಗೆ ನೋಡಿದ್ರೆ ಚಿಟ್ಟೆ ತನ್ನ ತಾಯಿ ಬೆನ್ನಿನ ಗಾಯವನ್ನೇ ಕುಕ್ತಾ ಇತ್ತಂತೆ. ಕೆಂಪು ಕಂಡ್ರೆ ಕೋಳಿಗೆ ತಾಯಿ ಅಂತ ಗೊತ್ತಾಗಲ್ಲ, ಅದು ಅದರ ತಪ್ಪಲ್ಲ. ಪುಟ್ಟೀರವ್ವ ಹರಳೆಣ್ಣೇಲಿ ಅರಿಶಿನ ಕಲಸಿ, ಕೆಂಪು ಕಾಣದ ಹಾಗೆ ದಪ್ಪಗೆ ಬಳಿದು, ಒಂದೊಂದನ್ನೂ ಒಂದೊಂದು ಮಂಕರಿ ಕೆಳಗೆ ಬೇರೆ ಮಾಡಿದ್ಲು. ಅದು ಮುಗೀತು ಅನ್ನೋಷ್ಟರಲ್ಲಿ ನೊಣ. ಗಾಯಕ್ಕೆ ನೊಣ ಕೂತ್ರೆ ಹುಳ ಆಗುತ್ತೆ ಅಂತ ಬೇವಿನೆಣ್ಣೆ ಹಚ್ಚಿ, ಹಗಲೆಲ್ಲ ಹೊಂಬಾಳಿ ಬಟ್ಟೆ ಬೀಸ್ತಾ ಕೂತ್ಲಂತೆ.

ಇದೆಲ್ಲಾ ದಾಟಿದ್ರು. ಮೂರನೇದು ದಾಟೋಕೆ ಆಗಲಿಲ್ಲ. ಕೆಂಚ ತಿನ್ನಲಿಲ್ಲ. ರಾಗಿ ಇಟ್ರೂ ಇಲ್ಲ, ನುಚ್ಚು ಇಟ್ರೂ ಇಲ್ಲ. ಬೆರಳಲ್ಲಿ ಅಂಬಲಿ ಅದ್ದಿ ಕೊಕ್ಕಿಗೆ ಸವರಿದ್ರೆ ಎರಡು ಹನಿ ಒಳಗೆ ಹೋಗೋದು, ಅಷ್ಟೇ. ಎದೆಮೂಳೆ ಕತ್ತಿ ಅಲುಗಿನ ಹಾಗೆ ಕೈಗೆ ಸಿಕ್ಕೋದು. ಕೂಗು ಅಂತೂ ಆ ಸಾಯಂಕಾಲವೇ ನಿಂತು ಹೋಗಿತ್ತು. ಪುಟ್ಟೀರವ್ವ ದೇವರ ಮುಂದೆ ಕೂತು, ತಾಯಿ, ಗೂಡು ಮುಚ್ಚದೆ ದೀಪ ಹಚ್ಚಿದ್ದಕ್ಕೆ ಸಿಟ್ಟಾ? ಸಿಟ್ಟಿದ್ರೆ ನನ್ನ ಮೇಲಿರಲಿ ಅಂತ ಅತ್ಲಂತೆ.

ಆಗ ಹೊಂಬಾಳಿ ಕೇಳಿದ್ಲು. ಅವ್ವ, ಕೆಂಚ ಯಾವತ್ತಾದ್ರೂ ತಾನೊಂದೇ ತಿಂದಿದ್ದು ನೋಡಿದ್ದೀಯಾ?

ಅಂದ್ರೆ?

ಒಂದು ಕಾಳು ಸಿಕ್ಕಿದ್ರೂ ಎತ್ತಿ, ಕೆಳಗಿಟ್ಟು, ಕೊಕ್ ಕೊಕ್ ಅಂತ ಬೂದೀನ ಕರೆಯುತ್ತೆ. ಬೂದಿ ತಿಂದ ಮೇಲೇನೇ ತಾನು ತಿನ್ನೋದು. ಈಗ ಅದು ಯಾರನ್ನ ಕರೀಬೇಕು?

ಪುಟ್ಟೀರವ್ವ ಬಾಯಿ ಮೇಲೆ ಕೈ ಇಟ್ಕೊಂಡ್ಳು. ಬೂದಿ ಬೆನ್ನು ಅಷ್ಟೊತ್ತಿಗೆ ಕೂಡ್ಕೊಂಡಿತ್ತು. ಎತ್ತಿ ತಂದು ಕೆಂಚನ ಮಂಕರಿ ಕೆಳಗೆ ಬಿಟ್ಟು, ನಾಲ್ಕು ಕಾಳು ಹಾಕಿ, ಉಸಿರು ಹಿಡ್ಕೊಂಡು ಕೂತ್ರಂತೆ ತಾಯಿ ಮಗಳು. ಕೆಂಚ ಕಣ್ಣು ತೆರೀತು. ನಡುಗೋ ಕುತ್ತಿಗೆ ಬಗ್ಗಿಸಿ ಒಂದು ಕಾಳು ಎತ್ತಿ, ಬೂದಿ ಮುಂದೆ ಇಡ್ತು. ಗಂಟಲು ಹರಿದಿತ್ತಲ್ಲ, ಸ್ವರ ಬರಲಿಲ್ಲ, ಬರೀ ಗಾಳಿ ಬಂತು. ಬೂದಿಗೆ ಅಷ್ಟೇ ಸಾಕಾಯ್ತು. ತಿಂತು. ಆಮೇಲೆ ಕೆಂಚ ತಿಂತು.

ನಿದ್ದೆ ಬಂತಾ? ಇನ್ನೊಂಚೂರು ಇದೆ, ಹೂಂ ಅನ್ನು.

ಆಮೇಲೆ ಮಳೆ ಹಿಡೀತು. ಹುಂಜ ಚೇತರಿಸಿಕೊಳ್ತು, ಅತ್ತ ಕೆರೆ ತುಂಬ್ತಾ ಬಂತು. ಊರೆಲ್ಲ ಕೆರೆ ನೋಡಿ ಹಿಗ್ಗಿದ್ರೆ, ಹೊಂಬಾಳಿ ಮಾತ್ರ ಏರಿ ಕಡೆಗೇ ಹೋಗ್ತಿರಲಿಲ್ಲವಂತೆ. ಕೊನೆಗೊಂದು ದಿನ ಕೇಳಿಯೇಬಿಟ್ಲು. ಅವ್ವ, ಕೊಯ್ಯೋಕೆ ಅಂತ ಯಾಕೆ ಬದುಕಿಸಿದೆ?

ಪುಟ್ಟೀರವ್ವನಿಗೂ ಹುಂಜದ ಮೇಲೆ ಪ್ರಾಣ. ಮಗಳ ತಲೆ ಸವರಿ, ಕೊಟ್ಟ ಮಾತು ಕಣವ್ವ, ಅಂದ್ಲು. ಕೆರೆ ತುಂಬಿದ ಮೊದಲ ಮಂಗಳವಾರ ಸಾಯಂಕಾಲ ಕೆಂಚನ್ನ ಮಂಕರೀಲಿ ಇಟ್ಟು, ಮೇಲೆ ಬಟ್ಟೆ ಮುಚ್ಚಿ ತಲೆ ಮೇಲೆ ಹೊತ್ತು ಹೊರಟ್ಲು. ಹಿಂದೆ ಹೊಂಬಾಳಿ. ಜವನಮ್ಮನೂ, ಏನಾಗುತ್ತೋ ನೋಡೇಬಿಡೋಣ ಅಂತ ಬಂದ್ಲು.

ಕೋಡಿಯಮ್ಮನ ಗುಡಿ ಹಗಲಲ್ಲೂ ಗವ್ವಂತ ಕತ್ತಲೆ. ಪೂಜಾರಿ ಗುಡ್ಡಪ್ಪ ಬಟ್ಟೆ ಸರಿಸಿ ನೋಡಿ, ಏನು ತಾಯಿ ಇದು, ಒಂದು ಕಣ್ಣೇ ಇಲ್ಲ, ಅಂದ. ಪುಟ್ಟೀರವ್ವ ಏನೂ ಮುಚ್ಚಿಡಲಿಲ್ಲ. ಬೆಕ್ಕು ಬಂದಿದ್ದು, ತಾನು ಗೂಡು ಮುಚ್ಚದೆ ಇದ್ದದ್ದು, ಎಲ್ಲಾ ಹೇಳಿ, ಊನ ಮಾಡಿದೋಳು ನಾನು, ಅಮ್ಮನನ್ನೇ ಕೇಳಿಬಿಡಪ್ಪ ಅಂದ್ಲಂತೆ.

ಆ ಊರಲ್ಲಿ ಒಂದು ಪದ್ಧತಿ. ಹರಕೆ ಕೋಳಿ ತಲೆ ಮೇಲೆ ತೀರ್ಥ ಹಾಕಬೇಕು. ಅದು ಮೈ ಒದರಿದ್ರೆ ಅಮ್ಮ ಒಪ್ಪಿದಳು ಅಂತ, ಆಮೇಲೇ ಕೊಯ್ಯೋದು. ಒದರದೆ ಇದ್ರೆ ಕತ್ತಿ ಎತ್ತೋ ಹಾಗಿಲ್ಲ. ಪುಟ್ಟೀರವ್ವ ಕೆಂಚನ್ನ ತೊಡೆ ಮೇಲೆ ಇಟ್ಕೊಂಡು ಕೂತ್ಲು. ಗುಡ್ಡಪ್ಪ ತೀರ್ಥ ಹಾಕಿದ. ಕೆಂಚ ಕಣ್ಣು ಮುಚ್ಚಿ ಅವಳಿಗೆ ಒರಗಿಕೊಳ್ತು. ಇನ್ನೊಂದು ಸಲ ಹಾಕಿದ. ಇನ್ನೂ ಒರಗಿಕೊಳ್ತು. ಮೂರನೇ ಸಲ ಉದ್ಧರಣೆ ತುಂಬ ಹಾಕಿದ್ರೆ, ಗುರ್ ಅಂತ ನಿದ್ದೆಗೇ ಜಾರ್ತಂತೆ!

ಅಮ್ಮ ಬೇಡ ಅಂತಾಳೆ, ಅಂದ ಗುಡ್ಡಪ್ಪ.

ಪುಟ್ಟೀರವ್ವ ಮಗಳನ್ನ ಬಾಚಿ ತಬ್ಕೊಂಡ್ಳು. ಬೇಡ ಅಂದ್ರೆ ನನ್ನ ಹರಕೆ ಏನಾಯ್ತಪ್ಪಾ? ನನ್ನ ಮಗು ಗತಿ?

ಗುಡ್ಡಪ್ಪ, ಮಂಗಳಾರತಿ ಮಾಡ್ತೀನಿ, ಬೇಡ್ಕೋ ತಾಯಿ, ಅಂತ ತಟ್ಟೇಲಿ ಕರ್ಪೂರ ಹಚ್ಚಿದ. ಗುಡಿಯೆಲ್ಲ ಒಮ್ಮೆಗೇ ಬೆಳಗ್ತು. ಅಮ್ಮನ ಮುಖ ಕಾಣಿಸ್ತು. ಕೆಂಚ ಕಣ್ಣು ಬಿಟ್ತು. ಎದ್ದು ನಿಲ್ತು. ಕುತ್ತಿಗೆ ಚಾಚಿ, ಅಷ್ಟು ದಿನ ಇಲ್ಲದಿದ್ದ ಗಂಟಲಿಂದ, ಕೊಕ್ಕೊಕ್ಕೋ ಕೋ ಅಂತ ಗುಡಿ ನಡುಗೋ ಹಾಗೆ ಕೂಗಿ, ಮೈ ಪಟಪಟ ಒದರ್ತು ನೋಡು! ತೀರ್ಥವೆಲ್ಲ ಗುಡ್ಡಪ್ಪನ ಮುಖಕ್ಕೆ.

ಗುಡ್ಡಪ್ಪ ಮುಖ ಒರೆಸಿಕೊಳ್ಳಲೂ ಇಲ್ಲ, ಹಾಗೇ ಕೈ ಮುಗಿದ. ಒಪ್ಪಿದಳು ತಾಯಿ, ಒಪ್ಪಿದಳು. ಅವಳಿಗೆ ಇದರ ರಕ್ತ ಬೇಡವಂತೆ, ಕೂಗು ಬೇಕಂತೆ. ಇಲ್ಲೇ ಇರಲಿ, ದಿನಾ ಬೆಳಗ್ಗೆ ಅಮ್ಮನನ್ನ ಎಬ್ಬಿಸಲಿ, ಅಂದ.

ದಿನಾ ಮೈಮೇಲೆ ನೀರು ಬಿದ್ದು ಅಭ್ಯಾಸ ಆಗಿತ್ತು, ಕರ್ಪೂರ ಕಂಡು ಬೆಳಗಾಯ್ತು ಅಂದ್ಕೊಳ್ತು, ಅಷ್ಟೇ ಅಂತ ಜವನಮ್ಮ ಮೂಗು ಮುರಿದ್ಲಂತೆ. ಇರಬಹುದು ಮಗಾ. ಆದ್ರೆ ಬೇವಿನ ನೀರು ಹಾಕೋ ಬುದ್ಧಿ ಪುಟ್ಟೀರವ್ವನ ಕೈಗೆ ಕೊಟ್ಟೋರು ಯಾರು?

ಹೊಂಬಾಳಿ ಹುಂಜನ್ನ ಅಪ್ಕೊಂಡು, ಆದ್ರೆ ಅವ್ವ, ಇಲ್ಲಿ ಇದೊಂದೇ ಹೇಗೆ ತಿನ್ನುತ್ತೆ ಅಂದ್ಲು. ಮಾರನೇ ದಿನ ಬೂದೀನೂ ಗುಡಿಗೆ ಬಂತು. ಚಿಟ್ಟೆಗೆ ಹೊಸ ಬಾಲ ಬಂದು, ಹಿತ್ತಿಲ ತುಂಬ ಮರಿ ಮಾಡ್ತು. ಹೊಂಬಾಳಿ ದೊಡ್ಡವಳಾಗಿ, ಮಕ್ಕಳು ಮೊಮ್ಮಕ್ಕಳನ್ನ ಕಂಡ್ಳು. ಪುಟ್ಟೀರವ್ವ ಮಾತ್ರ ಅವತ್ತಿಂದ ಎಂಥಾ ಹಬ್ಬ ಇದ್ರೂ ಮೊದಲು ಗೂಡು ಮುಚ್ಚಿ, ಆಮೇಲೇ ದೀಪ ಹಚ್ಚೋಳಂತೆ. ಯಾಕೆ ಅಂದ್ರೆ, ಅಮ್ಮ ಒಂದು ಗಳಿಗೆ ತಡೀತಾಳೆ ಕಣ್ರೇ, ಕಾಡುಬೆಕ್ಕು ತಡಿಯಲ್ಲ, ಅಂತಿದ್ಲಂತೆ.

ಪುಟ್ಟಾ? ಹೂಂ ಅನ್ನಲ್ವಾ? ಮಲಗ್ತಾ ನನ್ನ ಮರಿ... ಮಲಗಲಿ ಬಿಡು. ಕೋಳಿ ಗೂಡು ಸೇರ್ತು, ಕತೆನೂ ಗೂಡು ಸೇರ್ತು, ಬಾಗಿಲು ಮುಚ್ಚಿದೀನಿ. ಅಮ್ಮ ಕಾಯಲಿ.