ತಾಳ್ಮೆಗೆ ಎಷ್ಟು ಅಂಕ?

ಶಿಡ್ಲಘಟ್ಟದಲ್ಲಿ ಮೂರು ವರ್ಷ ಮುಚ್ಚಿದ್ದ ರೇಷ್ಮೆ ಕಾರ್ಖಾನೆ ಮತ್ತೆ ತೆರೆಯಿತು. ಗೂಡು ಬೇಯುವ ವಾಸನೆ ಬೀದಿಗೆ ಬಂದದ್ದೇ ತಡ, ಜೈತೂನಬಿಯ ಬೆರಳುಗಳು ಚಡಪಡಿಸಿದವು. ಇಪ್ಪತ್ತು ವರ್ಷ ಅಲ್ಲೇ ನೂಲು ತೆಗೆದವಳು. ಮನೆಯಲ್ಲಿ ಕೂತು ಸೆರಗಿನ ದಾರ ಎಳೆದೂ ಎಳೆದೂ ಸೀರೆಯೇ ಹಾಳಾಗಿತ್ತು.

ಕೆಲಸ ಕೇಳಲು ಕಾರ್ಖಾನೆಗೆ ಹೋದರೆ, ಹೊಸ ಮ್ಯಾನೇಜರ್ ಅರವತ್ತು ಪ್ರಶ್ನೆಯ ಕಾಗದ ಹಿಡಿದು ಕೂತಿದ್ದ.

"ಕೈ ನೋಡಿ ಕೆಲಸ ಕೊಡೋ ಕಾಲ ಹೋಯ್ತಮ್ಮ. ಈಗ ಸ್ವಭಾವ ನೋಡ್ತೀವಿ. ಮೊದಲನೇ ಪ್ರಶ್ನೆ: ನಿಮಗೆ ತಾಳ್ಮೆ ಇದೆಯಾ?"

"ಬಾಯಲ್ಲಿ ಹೇಳೋದಾದ್ರೆ ಎಲ್ಲರಿಗೂ ಇರತ್ತೆ ಸಾರ್."

ಜೈತೂನಬಿ ಪಕ್ಕದಲ್ಲಿದ್ದ ಬಿಸಿನೀರಿನ ತೊಟ್ಟಿಯಿಂದ ಬೆಂದ ಗೂಡೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. "ಇದರ ಎಳೆಯ ತುದಿ ಹುಡುಕಿ ಕೊಡಿ, ನೋಡೋಣ."

ಮ್ಯಾನೇಜರ್ ಉಗುರಿನಿಂದ ಕೆರೆದ. ಕನ್ನಡಕ ಹಾಕಿ ಕೆರೆದ. ಕನ್ನಡಕ ತೆಗೆದು ಕೆರೆದ. ಕೊನೆಗೆ "ಥೂ, ಹಾಳಾದ್ದು!" ಎಂದು ಗೂಡನ್ನು ಗೋಡೆಗೆ ಎಸೆದ.

ಜೈತೂನಬಿ ಅದನ್ನೇ ಎತ್ತಿಕೊಂಡಳು. ನೀರಲ್ಲಿ ಅದ್ದಿ, ಎರಡು ಬೆರಳಲ್ಲಿ ಮೆಲ್ಲಗೆ ಸವರಿದಳು. ಎಳೆ ಬಂತು. ಎಳೆದಷ್ಟೂ ಬಂತು. ಅವಳ ಕಣ್ಣು ತುಂಬಿತು.

"ಮೊದಲನೇ ಪ್ರಶ್ನೆಗೆ ಏನಂತ ಬರ್ಕೊಳ್ಳಲಿ?" ಎಂದ ಮ್ಯಾನೇಜರ್ ಮೆತ್ತಗೆ.

"ಯಾರದ್ದು ಸಾರ್, ನಂದಾ ನಿಮ್ದಾ? ಏನಾದ್ರೂ ಬರ್ಕೊಳ್ಳಿ. ಮೂರು ವರ್ಷ ಆದ್ಮೇಲೆ ಎಳೆ ಕೈಗೆ ಸಿಕ್ಕಿದೆ. ನಾನಂತೂ ಬಿಡಲ್ಲ."